ಹೊಟ್ಟೆಯೊಳಗೆ ಒಕ್ಕಲಿರುವ ವೈರಸ್ಸುಗಳು

ಮೆಣಸಿನ ಗಿಡಕ್ಕೆ ತಗಲುವ ವೈರಸ್ ಒಂದಿದೆ. ಎಲೆಯ ಮೇಲೆ ತೆಳುಹಳದಿ ಮಚ್ಚೆ ಬೀಳುತ್ತದೆ, ಕಾಯಿ ಸೊಟ್ಟಗಾಗುತ್ತದೆ, ಗಿಡ ಕುಗ್ಗುತ್ತದೆ. ಪೆಪ್ಪರ್ ಮೈಲ್ಡ್ ಮಾಟಲ್ ವೈರಸ್ ಎಂದು ಅದರ ಹೆಸರು. 2006ರಲ್ಲಿ ಅಮೆರಿಕ ಮತ್ತು ಸಿಂಗಪುರದ ವಿಜ್ಞಾನಿಗಳು ಸೇರಿ, ಯಾವ ಕಾಯಿಲೆಯೂ ಇಲ್ಲದ ಜನರ ಮಲದಲ್ಲಿ ಎಂಥೆಂಥ ಆರ್‌ಎನ್‌ಎ ವೈರಸ್ಸುಗಳಿವೆ ಎಂದು ಹುಡುಕಿದರು. ಮನುಷ್ಯರಿಗೆ ರೋಗ ತರುವ ಯಾವುದೋ ಒಂದು ಸಿಕ್ಕೀತು ಎಂದು ಯಾರಾದರೂ ಅಂದುಕೊಳ್ಳಬೇಕಾದ ಜಾಗ ಅದು. ಸಿಕ್ಕಿದ್ದರಲ್ಲಿ ಬಹುಪಾಲು ಗಿಡಗಳ ವೈರಸ್. ಅದರಲ್ಲೂ ಎಲ್ಲಕ್ಕಿಂತ ಹೆಚ್ಚಾಗಿ ಮೆಣಸಿನಕಾಯಿಯದು. ಎರಡು ಖಂಡಗಳಿಂದ ತಂದ 18 ಮಾದರಿಗಳಲ್ಲಿ 12ರಲ್ಲಿ ಅದಿತ್ತು. ಕೆಲವರಲ್ಲಿ ಒಂದು ಗ್ರಾಂ ಒಣಗಿದ ಮಲಕ್ಕೆ ನೂರು ಕೋಟಿ ಕಣಗಳವರೆಗೆ. ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದವರಿಗೆ ಮೆಣಸಿನಕಾಯಿ ಹಾಕಿದ ಸಾಸು, ಖಾರದ ತಿನಿಸುಗಳಲ್ಲೇ ಅದು ಸಿಕ್ಕಿತು.

ಸಾಸಿನಲ್ಲೇ ಇಷ್ಟಾದರೆ ನಮ್ಮ ಸಾರಿನ ಪುಡಿಯ ಮಾತೇನು? ತುಮಕೂರು ತಾಲ್ಲೂಕಿನ ಕೋರ ಹೋಬಳಿಯಲ್ಲಿ ಮುದ್ದೆ ಮುರಿದು ಬಸ್ಸಾರಿಗೆ ಅದ್ದಿ ನುಂಗುವ ಯಾರೂ ಈ ವೈರಸ್ಸಿಗೆ ಅಪರಿಚಿತರಾಗಿರಲಾರರು. ಅದು ಜಠರದ ಆಮ್ಲಕ್ಕೆ ಜಗ್ಗುವುದಿಲ್ಲ. ಒಳಗೆ ಹೋದ ಹಾಗೇ ಹೊರಗೆ ಬರುತ್ತದೆ. ಬಂದ ಮೇಲೂ ಸತ್ತಿರುವುದಿಲ್ಲ. ಅದೇ ಸಂಶೋಧಕರು ಮಲದಿಂದ ತೆಗೆದ ವೈರಸ್ಸನ್ನು ಗಿಡಕ್ಕೆ ತಗುಲಿಸಿದಾಗ ಗಿಡಕ್ಕೆ ರೋಗ ಬಂತು. ಅಂದರೆ ಗಿಡಕ್ಕೆ ಅದು ರೋಗ, ನಮಗೆ ಬರಿಯ ಹಾದಿಹೋಕ. ವೈರಸ್ ಎಂಬ ಮಾತು ಕೇಳಿದೊಡನೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ಕಲಿತ ನಮಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಈ ಹಾದಿಹೋಕನಿಂದ ಒಂದು ದೊಡ್ಡ ಉಪಕಾರವೇ ಆಗಿದೆ.

ಮನುಷ್ಯರ ಮಲದಲ್ಲಿ ಇದು ಇಷ್ಟು ಧಾರಾಳವಾಗಿರುವುದರಿಂದ, ನೀರಿನಲ್ಲಿ ಇದು ಕಂಡರೆ ಅಲ್ಲಿ ಕೊಳಚೆ ಸೇರಿದೆ ಎಂದೇ ಲೆಕ್ಕ. ಕೋವಿಡ್ ಕಾಲದಲ್ಲಿ ಇದರ ಬೆಲೆ ಇನ್ನೂ ಹೆಚ್ಚಿತು. ಜನ ಪರೀಕ್ಷೆ ಮಾಡಿಸುವುದನ್ನೇ ಬಿಟ್ಟಿದ್ದಾಗಲೂ, ಊರಿನಲ್ಲಿ ಸೋಂಕು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಒಳಚರಂಡಿಯ ನೀರಿನಿಂದ ತಿಳಿಯುವ ವಿಧಾನ ನೆರವಿಗೆ ಬಂತು. ಬೆಂಗಳೂರಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿಯ ತಂಡ 2022ರಲ್ಲಿ ನಗರದ 28 ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ಮಾದರಿ ತಂದು ಈ ಕೆಲಸ ಮಾಡಿತು. ಇಲ್ಲಿ ಒಂದು ತೊಡಕಿದೆ. ಮಳೆ ಬಂದ ದಿನ ಚರಂಡಿಯ ನೀರು ತೆಳುವಾಗುತ್ತದೆ, ಬೇಸಿಗೆಯಲ್ಲಿ ಗಟ್ಟಿಯಾಗುತ್ತದೆ. ಕೊರೊನಾ ಕಡಿಮೆಯಾಯಿತೋ, ನೀರು ಹೆಚ್ಚಾಯಿತೋ? ಅದನ್ನು ಸರಿದೂಗಿಸಲು ಜಗತ್ತಿನ ಅನೇಕ ಕಡೆ ಬಳಸಿದ ಅಳತೆಗೋಲು ಇದೇ ಮೆಣಸಿನಕಾಯಿ ವೈರಸ್. ಉಣ್ಣುವ ಜನರ ಸಂಖ್ಯೆ ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಖಾರದ ಲೆಕ್ಕವೂ ಬದಲಾಗುವುದಿಲ್ಲ.

2024ರ ಜೂನ್‌ನಲ್ಲಿ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ವಾಂತಿ-ಭೇದಿಯಿಂದ ಜನ ಸತ್ತ ಸುದ್ದಿ ತುಮಕೂರು ಜಿಲ್ಲೆಯವರಿಗೆ ಮರೆತಿರಲಾರದು. ಅಂಥ ಸಾವಿನ ನಂತರ ನೀರಿನ ಬಾಟಲಿಗಳು ಪ್ರಯೋಗಾಲಯಕ್ಕೆ ಹೋಗುತ್ತವೆ, ಬ್ಯಾಕ್ಟೀರಿಯಾ ಎಣಿಕೆಯಾಗುತ್ತದೆ. ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ, ದನದ ಸಗಣಿಯಿಂದಲೂ ಬರುತ್ತದೆ. ಮೆಣಸಿನಕಾಯಿ ವೈರಸ್ ಹಾಗಲ್ಲ: ದೀರ್ಘಕಾಲ ಉಳಿಯುತ್ತದೆ, ಖಾರ ತಿನ್ನುವವರ ಗುರುತು ಅದು. ತುಮಕೂರು ನಗರದ ಒಳಚರಂಡಿ ನೀರು ಸೇರುವ ಭೀಮಸಂದ್ರದ ಕಡೆಯಿಂದಲೇ ಇಂಥದೊಂದು ಪರೀಕ್ಷೆ ಶುರು ಮಾಡಬಹುದು ಎಂಬುದು ನನ್ನ ಆಸೆ. ಅದು ಬೇರೆ ಮಾತು, ಮುಂದೆ ಹೋಗೋಣ.

ನಮ್ಮ ಮೈಯಲ್ಲಿ ಮತ್ತು ಮೈಮೇಲೆ ಇರುವ ಎಲ್ಲ ವೈರಸ್ಸುಗಳನ್ನೂ ಒಟ್ಟಾಗಿ ವೈರೋಮ್ ಎನ್ನುತ್ತಾರೆ. ಊಟದ ಜೊತೆ ಬಂದು ಹೋಗುವ ಗಿಡದ ವೈರಸ್ಸುಗಳು ಅದರಲ್ಲಿ ಒಂದು ಪಾಲು. ಇನ್ನೊಂದು ಪಾಲು ನಮ್ಮ ಜೀವಕೋಶಗಳಲ್ಲೇ ನೆಲೆಸುವಂಥವು: ಹರ್ಪಿಸ್ ಬಳಗ, ಪ್ಯಾಪಿಲೋಮಾ, ಅನೆಲೋ ಮುಂತಾದವು. ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್ಸುಗಳು, ಅಂದರೆ ಫೇಜ್‌ಗಳು. ಒಬ್ಬ ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು ಅಂದಾಜು. ಅವುಗಳನ್ನು ನಂಬಿ ಬದುಕುವ ಫೇಜ್‌ಗಳೂ ಕಡಿಮೆಯೇನಲ್ಲ. ಇವಲ್ಲದೆ ನಾಲ್ಕನೆಯದೊಂದಿದೆ. ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜ ಪ್ರಾಣಿಗಳಿಗೆ ತಗುಲಿ, ಅವುಗಳ ವಂಶವಾಹಿಯಲ್ಲೇ ಸೇರಿಹೋದ ವೈರಸ್ಸುಗಳ ಉಳಿಕೆ. ನಮ್ಮ ಡಿಎನ್‌ಎಯಲ್ಲಿ ಶೇ 8ರಷ್ಟು ಅದೇ. ಅದರಲ್ಲಿ ಒಂದು ತುಂಡು ಸಿನ್‌ಸಿಟಿನ್ ಎಂಬ ಪ್ರೋಟೀನನ್ನು ಮಾಡುತ್ತದೆ. ಬಸುರಿಯ ಗರ್ಭದಲ್ಲಿ ಮಾಸು ಕಟ್ಟಿಕೊಳ್ಳಲು ಅದು ನೆರವಾಗುತ್ತದೆ. ವೈರಸ್ಸಿನ ಋಣವಿಲ್ಲದೆ ಹುಟ್ಟಿದವರು ನಮ್ಮಲ್ಲಿ ಯಾರೂ ಇಲ್ಲ.

ಇಷ್ಟು ದೊಡ್ಡ ಸಂಗತಿ ಇಷ್ಟು ತಡವಾಗಿ ತಿಳಿದದ್ದೇಕೆ? ಬ್ಯಾಕ್ಟೀರಿಯಾ ಪಟ್ಟಿ ಮಾಡುವುದು ಸುಲಭ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ ಒಂದು ಜೀನ್ ಇದೆ, ಅದನ್ನು ಮಾತ್ರ ಓದಿದರೆ ಯಾರು ಯಾರೆಂದು ಗೊತ್ತಾಗುತ್ತದೆ. ವೈರಸ್ಸುಗಳಿಗೆ ಅಂಥ ಸಾಮಾನ್ಯ ಜೀನ್ ಒಂದೂ ಇಲ್ಲ. ಮಾದರಿಯಲ್ಲಿರುವ ಡಿಎನ್‌ಎ, ಆರ್‌ಎನ್‌ಎ ಎಲ್ಲವನ್ನೂ ಚೂರುಚೂರಾಗಿ ಓದಿ, ಗಣಕದಲ್ಲಿ ಜೋಡಿಸಿ, ಹಳೆಯ ಪಟ್ಟಿಗಳ ಜೊತೆ ಹೋಲಿಸಬೇಕು. ಮೈಯಾ ಬ್ರೈಟ್‌ಬಾರ್ಟ್ ಮತ್ತು ಜೊತೆಗಾರರು 2003ರಲ್ಲಿ ಒಬ್ಬ ಆರೋಗ್ಯವಂತನ ಮಲವನ್ನು ಮೊದಲ ಸಲ ಹೀಗೆ ಓದಿದಾಗ ಸುಮಾರು 1,200 ಬಗೆಯ ವೈರಸ್ಸುಗಳಿರಬಹುದೆಂದು ಲೆಕ್ಕ ಹಾಕಿದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಓದು ಯಾವ ಪಟ್ಟಿಗೂ ಹೊಂದಲಿಲ್ಲ. 2021ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ತಂಡ ಪ್ರಪಂಚದ ಬೇರೆ ಬೇರೆ ಕಡೆಯ 28,060 ಮಾದರಿಗಳ ದತ್ತಾಂಶ ಜಾಲಾಡಿ 1,42,809 ಫೇಜ್ ಜೀನೋಮ್‌ಗಳ ಪಟ್ಟಿ ಮಾಡಿತು. ಪಟ್ಟಿ ಬೆಳೆದಷ್ಟೂ ಅಪರಿಚಿತರು ಬೆಳೆಯುತ್ತಿದ್ದಾರೆ.

ಇದಕ್ಕೆ ಕ್ರಾಸ್‌ಫೇಜ್‌ನ ಕಥೆಗಿಂತ ಒಳ್ಳೆಯ ನಿದರ್ಶನ ಸಿಗದು. ಪ್ರಪಂಚದ ಸುಮಾರು ಅರ್ಧ ಜನರ ಕರುಳಿನಲ್ಲಿ ಇರುವ ಫೇಜ್ ಅದು. ಅದರ ಓದು ವರ್ಷಗಟ್ಟಲೆ ಎಲ್ಲರ ಕಣ್ಣಿಗೂ ತೆರೆದ ದತ್ತಾಂಶದಲ್ಲಿ ಬಿದ್ದಿತ್ತು. ಯಾರೂ ಗುರುತಿಸಿರಲಿಲ್ಲ. 2014ರಲ್ಲಿ ಬಾಸ್ ಡುಟಿಲ್ ಮತ್ತು ರಾಬರ್ಟ್ ಎಡ್ವರ್ಡ್ಸ್ ತಂಡ ಹಳೆಯ ಓದುಗಳನ್ನು ಅಡ್ಡಡ್ಡ ಜೋಡಿಸಿ ನೋಡಿದಾಗ ಅದು ಹೊರಬಿತ್ತು. ಪ್ರಯೋಗಾಲಯದಲ್ಲಿ ಬೆಳೆಸಲು 2018ರವರೆಗೆ ಕಾಯಬೇಕಾಯಿತು. ಅದಿದ್ದರೆ ಕೇಡೂ ಇಲ್ಲ, ಇಲ್ಲದಿದ್ದರೆ ಕೊರತೆಯೂ ಕಂಡಿಲ್ಲ.

ಆದರೆ ಫೇಜ್‌ಗಳೆಲ್ಲ ಹೀಗೆ ಸಾಧು ಎಂದುಕೊಳ್ಳಬೇಡಿ. ಕೆಲವು ಬ್ಯಾಕ್ಟೀರಿಯಾವನ್ನು ಒಡೆದು ಕೊಲ್ಲುತ್ತವೆ. ಕೆಲವು ಅದರ ಡಿಎನ್‌ಎಯೊಳಗೆ ಸೇರಿ ತಲೆಮಾರುಗಟ್ಟಲೆ ಸುಮ್ಮನಿರುತ್ತವೆ. ಕಾಲರಾದ ಉದಾಹರಣೆ ನೋಡಿ. 1896ರಲ್ಲಿ ಅರ್ನೆಸ್ಟ್ ಹ್ಯಾಂಕಿನ್ ಎಂಬ ಬ್ರಿಟಿಷ್ ವಿಜ್ಞಾನಿ ಗಂಗೆ, ಯಮುನೆಯ ನೀರಿನಲ್ಲಿ ಕಾಲರಾದ ಬ್ಯಾಕ್ಟೀರಿಯಾವನ್ನು ಕೊಲ್ಲುವ ಏನೋ ಇದೆ ಎಂದು ಬರೆದ. ಕುದಿಸಿದ ನೀರಿನಲ್ಲಿ ಆ ಗುಣ ಉಳಿಯುತ್ತಿರಲಿಲ್ಲ. ಆ 'ಏನೋ' ಫೇಜ್ ಇರಬೇಕೆಂದು ಈಗ ತಿಳಿಯಲಾಗುತ್ತದೆ. ಇತ್ತ 1959ರಲ್ಲಿ ಕಲ್ಕತ್ತಾದ ಶಂಭುನಾಥ ದೇ, ಕಾಲರಾ ಕೊಲ್ಲುವುದು ಒಂದು ವಿಷದಿಂದ ಎಂದು ತೋರಿಸಿದರು. ಆ ವಿಷದ ಜೀನ್ ಬ್ಯಾಕ್ಟೀರಿಯಾದ ಸ್ವಂತದ್ದಲ್ಲ, ಒಂದು ಫೇಜ್ ತಂದು ಕೊಟ್ಟದ್ದು ಎಂದು 1996ರಲ್ಲಿ ಗೊತ್ತಾಯಿತು. ಕಾಲರಾವನ್ನು ಕೊಲ್ಲುವುದೂ ಫೇಜ್, ಕಾಲರಾಕ್ಕೆ ವಿಷ ಕೊಟ್ಟದ್ದೂ ಫೇಜ್. ವೈರಸ್ಸಿನ ಗುಣ ವೈರಸ್ಸಿನೊಳಗೆ ಮಾತ್ರ ಇಲ್ಲ. ಅದು ಎಲ್ಲಿದೆ, ಯಾವಾಗ ಬಂತು, ಅಲ್ಲಿ ಮೊದಲೇ ಯಾರಿದ್ದರು ಎಂಬುದರಲ್ಲಿದೆ. ಈ ಮಾತಿಗೆ ಅತ್ಯಂತ ಗಟ್ಟಿಯಾದ ಸಾಕ್ಷಿಯನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಅದು ಬೆಂಗಳೂರಿನ ಹೆರಿಗೆ ಆಸ್ಪತ್ರೆಗಳಲ್ಲೇ ಸಿಕ್ಕಿತು.

ರೋಟಾವೈರಸ್ ಎಂದರೆ ಎಳೆಯ ಮಕ್ಕಳ ಭೇದಿ. ಆಸ್ಟ್ರೇಲಿಯಾದ ರೂತ್ ಬಿಷಪ್ ತಂಡ 1973ರಲ್ಲಿ ಅದನ್ನು ಗುರುತಿಸಿತು. ಐದು ವರ್ಷ ತುಂಬುವುದರೊಳಗೆ ಹೆಚ್ಚೂಕಡಿಮೆ ಪ್ರತಿ ಮಗುವಿಗೂ ಒಮ್ಮೆಯಾದರೂ ತಗಲುತ್ತದೆ. ಲಸಿಕೆ ಬರುವ ಮೊದಲು ಭಾರತದಲ್ಲಿ ವರ್ಷಕ್ಕೆ ಹತ್ತಾರು ಸಾವಿರ ಮಕ್ಕಳು ಇದರಿಂದ ಸಾಯುತ್ತಿದ್ದವು. 1980ರ ದಶಕದ ಕೊನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ಪ್ರಯೋಗಾಲಯ, ನಗರದ ಮಕ್ಕಳ ವೈದ್ಯರ ಜೊತೆಗೂಡಿ, ಭೇದಿಯಾದ ಮಕ್ಕಳನ್ನಷ್ಟೇ ಅಲ್ಲದೆ ಏನೂ ಆಗದ ನವಜಾತ ಶಿಶುಗಳನ್ನೂ ಪರೀಕ್ಷಿಸಿತು. ಇದು ದೊಡ್ಡ ಮಾತು. ಕಾಯಿಲೆ ಇಲ್ಲದವರಲ್ಲಿ ವೈರಸ್ ಹುಡುಕುವುದಕ್ಕೆ ಆಗ ಹೆಚ್ಚಿನವರಿಗೆ ಅಷ್ಟು ಪುರುಸೊತ್ತಿರಲಿಲ್ಲ. ವೈರೋಮ್ ಎಂಬ ಹೆಸರೂ ಬಳಕೆಯಲ್ಲಿರಲಿಲ್ಲ.

ಆರಾಮಾಗಿ ಹಾಲು ಕುಡಿದು ಮಲಗಿದ್ದ ಆ ಕೂಸುಗಳಲ್ಲೂ ರೋಟಾವೈರಸ್ ಇತ್ತು. ಅದು ಎಂಥದ್ದು ಎಂದು ತಿಳಿಯಲು ಆಗಿನ ಉಪಾಯ ಸರಳವಾಗಿತ್ತು. ಈ ವೈರಸ್ಸಿನ ಆರ್‌ಎನ್‌ಎ ಒಂದೇ ಎಳೆಯಲ್ಲ, 11 ತುಂಡು. ಜೆಲ್‌ನಲ್ಲಿಟ್ಟು ವಿದ್ಯುತ್ ಹಾಯಿಸಿದರೆ ಸಣ್ಣ ತುಂಡುಗಳು ಮುಂದೆ ಓಡುತ್ತವೆ, ದೊಡ್ಡವು ಹಿಂದುಳಿಯುತ್ತವೆ. ಬೆಳ್ಳಿಯ ಬಣ್ಣ ಹಾಕಿದರೆ 11 ಪಟ್ಟೆ ಕಾಣುತ್ತದೆ. ಮನುಷ್ಯರ ರೋಟಾವೈರಸ್ಸುಗಳಲ್ಲಿ ಒಂದನೆಯ ಉಪಗುಂಪಿಗೆ ಸೇರಿದವುಗಳ ಪಟ್ಟೆ 'ಗಿಡ್ಡ' ಮಾದರಿಯದಾಗಿರುವುದು ವಾಡಿಕೆ. ಬೆಂಗಳೂರಿನ ಕೂಸುಗಳದ್ದು ಒಂದನೆಯ ಉಪಗುಂಪೇ, ಪಟ್ಟೆ ಮಾತ್ರ 'ಉದ್ದ'. ಈ ಜೋಡಿ ಪ್ರಾಣಿಗಳ ರೋಟಾವೈರಸ್ಸಿನಲ್ಲಿ ಕಾಣುವಂಥದ್ದು. ಮುಂದೆ ಜೀನ್‌ಗಳನ್ನು ಓದಿದಾಗ ಅನುಮಾನ ನಿಜವಾಯಿತು. ಐ321 ಎಂದು ಹೆಸರಿಟ್ಟ ಆ ವೈರಸ್ಸಿನ 11 ತುಂಡುಗಳಲ್ಲಿ 9 ದನದ ರೋಟಾವೈರಸ್ಸಿನವು, 2 ಮಾತ್ರ ಮನುಷ್ಯರದವು. ಎಲ್ಲೋ ಒಂದು ಕರುಳಿನಲ್ಲಿ ದನದ ವೈರಸ್ಸೂ ಮನುಷ್ಯರ ವೈರಸ್ಸೂ ಒಂದೇ ಜೀವಕೋಶಕ್ಕೆ ನುಗ್ಗಿ, ತುಂಡುಗಳು ಅದಲುಬದಲಾಗಿ ಹುಟ್ಟಿದ್ದು ಇದು. ಮನೆಯ ಗೋಡೆಯೂ ಕೊಟ್ಟಿಗೆಯ ಗೋಡೆಯೂ ಒಂದೇ ಆಗಿರುವ, ಅದೇ ಕೈಯಲ್ಲಿ ಸಗಣಿ ಬಾಚಿ ಅದೇ ಕೈ ತೊಳೆದು ಕೂಸನ್ನು ಎತ್ತಿಕೊಳ್ಳುವ ಸೀಮೆಯಲ್ಲಿ ಇಂಥ ಭೇಟಿ ಎಷ್ಟು ಸಲವಾದರೂ ಆಗಬಹುದು. ಕೋರದ ಯಾವ ಬೀದಿಯಲ್ಲಿ ನಿಂತು ನೋಡಿದರೂ ಈ ಮಾತಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ದುರ್ಗಾ ರಾವ್ ಅವರ ತಂಡ 2004ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1988ರಿಂದ 1999ರವರೆಗೆ ಬೆಂಗಳೂರಿನ ಆಸ್ಪತ್ರೆಗಳಿಗೆ ರೋಟಾವೈರಸ್ ಭೇದಿಯಿಂದ ಸೇರುವ ಮಕ್ಕಳು ಕಡಿಮೆಯಾಗಿದ್ದರು. ಹುಟ್ಟಿದ ಕೂಡಲೇ ಬಂದ ಐ321 ಆ ಮಕ್ಕಳನ್ನು ಮುಂದಿನ ಕಾಟದಿಂದ ಕಾಪಾಡಿತೇ ಎಂದು ತಂಡ ಕೇಳಿತು. ಹೌದು ಎಂದು ಸಾರಲಿಲ್ಲ, ಇರಬಹುದು ಎಂದಿತು. ನನಗೆ ಆ ಎಚ್ಚರ ಇಷ್ಟವಾಗುತ್ತದೆ.

ಅದೇ ಕಾಲಕ್ಕೆ ದೆಹಲಿಯ ಏಮ್ಸ್‌ನಲ್ಲಿ ಎಂ.ಕೆ. ಭಾನ್ ಅವರ ತಂಡಕ್ಕೂ ನವಜಾತ ಶಿಶುಗಳಲ್ಲಿ ಕೇಡು ಮಾಡದ ರೋಟಾವೈರಸ್ ಸಿಕ್ಕಿತ್ತು. ಅದು 116ಇ. ಮನುಷ್ಯರದೇ ವೈರಸ್, ದನದ ಒಂದು ಜೀನ್ ಮಾತ್ರ ಸೇರಿಕೊಂಡಿದ್ದು. ಲಸಿಕೆ ಮಾಡಲು ಎರಡನ್ನೂ ಹೈದರಾಬಾದಿನ ಭಾರತ್ ಬಯೋಟೆಕ್ ಕೈಗೆತ್ತಿಕೊಂಡಿತು. ಆರಂಭದ ಪರೀಕ್ಷೆಯಲ್ಲಿ 116ಇ ಪಡೆದ ಮಕ್ಕಳ ರೋಗನಿರೋಧಕ ಪ್ರತಿಕ್ರಿಯೆ ಚೆನ್ನಾಗಿತ್ತು, ಬೆಂಗಳೂರಿನ ಐ321ರದು ಮಂಕು. ಹೀಗೆ ದೆಹಲಿಯದು ರೋಟಾವ್ಯಾಕ್ ಆಗಿ 2015ರಲ್ಲಿ ಹೊರಬಂತು, ಮರುವರ್ಷದಿಂದ ಸರ್ಕಾರದ ಲಸಿಕಾ ಕಾರ್ಯಕ್ರಮಕ್ಕೆ ರೋಟಾ ಲಸಿಕೆ ಸೇರಿತು. ಬೆಂಗಳೂರಿನ ವೈರಸ್ ಪುಸ್ತಕದಲ್ಲಿ ಉಳಿಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ 'ಒಳ್ಳೆಯ ವೈರಸ್' ಎಂಬ ಶೀರ್ಷಿಕೆ ಕೊಟ್ಟು ಸುಮ್ಮನಾಗಬಹುದಿತ್ತು. ಬೆಂಗಳೂರಿನಿಂದ ರೈಲಿನಲ್ಲಿ ಕೆಲವೇ ಗಂಟೆ ದೂರದ ವೆಲ್ಲೂರಿನಲ್ಲಿ, ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರಿಗೆ ಐ321ರದೇ ಮಾದರಿಯ (ಜಿ10ಪಿ11) ರೋಟಾವೈರಸ್ ನವಜಾತ ಶಿಶುಗಳಲ್ಲಿ ಸಿಕ್ಕಿತು. ಅದಕ್ಕೆ ತೀರ ಹತ್ತಿರದ ನೆಂಟ. ಅಲ್ಲಿ ಮಾತ್ರ ಅದು ಸುಮ್ಮನಿರಲಿಲ್ಲ. ಅದಿದ್ದ ಶಿಶುಗಳಲ್ಲಿ ಭೇದಿ, ಹೊಟ್ಟೆಯ ತೊಂದರೆ ಕಂಡುಬಂದವು; ಕೆಲವು ಶಿಶುಗಳಿಗೆ ಏನೂ ಆಗಲಿಲ್ಲ. ವೈರಸ್ ಒಂದೇ, ಫಲ ಎರಡು. ಏಕೆ ಎಂಬುದಕ್ಕೆ 2018ರಲ್ಲಿ ಶಶಿರೇಖಾ ರಮಣಿ ಮತ್ತು ಜೊತೆಗಾರರು ಉತ್ತರದ ಒಂದು ಎಳೆ ಹಿಡಿದರು. ಅವರು ನೋಡಿದ್ದು ತಾಯಿಯ ಹಾಲನ್ನು. ಎದೆಹಾಲಿನಲ್ಲಿ ಮಗುವಿಗೆ ಜೀರ್ಣವೇ ಆಗದ ಹತ್ತಾರು ಬಗೆಯ ಸಕ್ಕರೆಗಳಿವೆ. ಅವು ಇರುವುದು ಕರುಳಿನ ಬ್ಯಾಕ್ಟೀರಿಯಾಗಳಿಗೆ. ತೊಂದರೆ ಕಂಡ ಶಿಶುಗಳ ತಾಯಂದಿರ ಹಾಲಿನಲ್ಲಿ ಅಂಥ ಕೆಲವು ಸಕ್ಕರೆಗಳು ಹೆಚ್ಚಿದ್ದವು, ಅವು ಈ ವೈರಸ್ಸಿಗೆ ಜೀವಕೋಶದೊಳಗೆ ನುಗ್ಗಲು ಅನುಕೂಲವನ್ನೂ ಮಾಡಿಕೊಡುತ್ತಿದ್ದವು. ಹಾಲಿನ ಮತ್ತು ಕರುಳಿನ ಬ್ಯಾಕ್ಟೀರಿಯಾಗಳಲ್ಲೂ ವ್ಯತ್ಯಾಸವಿತ್ತು. ಇದನ್ನು ಓದಿ ಎದೆಹಾಲಿನ ಮೇಲೆ ಅನುಮಾನ ಪಡುವವರಿದ್ದಾರೆ ಎಂದು ಗೊತ್ತು. ಪಡಬೇಕಾದ್ದಿಲ್ಲ. 2020ರಲ್ಲಿ ಪ್ರಕಟವಾದ, ಫಿಲಡೆಲ್ಫಿಯಾ ಮತ್ತು ಬೋಟ್ಸ್ವಾನದ ಶಿಶುಗಳ ಅಧ್ಯಯನವೊಂದರಲ್ಲಿ, ಮನುಷ್ಯರ ಜೀವಕೋಶಕ್ಕೆ ತಗಲುವ ವೈರಸ್ಸುಗಳು ಎದೆಹಾಲು ಕುಡಿದ ಮಕ್ಕಳಲ್ಲೇ ಕಡಿಮೆ ಇದ್ದವು.

ಆ ಅಧ್ಯಯನ ಇನ್ನೊಂದು ಚೆಂದದ ಸಂಗತಿಯನ್ನೂ ಹೇಳಿತು. ಹುಟ್ಟಿದ ಕೂಸಿನ ಮೊದಲ ಕಪ್ಪು ಮಲದಲ್ಲಿ ವೈರಸ್ ಇಲ್ಲವೆನ್ನುವಷ್ಟು ಕಡಿಮೆ. ತಿಂಗಳು ತುಂಬುವ ಹೊತ್ತಿಗೆ ಗ್ರಾಂಗೆ ನೂರು ಕೋಟಿ. ಮೊದಲು ಬಂದು ನೆಲೆಸುವುದು ಬ್ಯಾಕ್ಟೀರಿಯಾ; ಅವುಗಳ ಡಿಎನ್‌ಎಯೊಳಗೆ ಅಡಗಿ ಬಂದ ಫೇಜ್‌ಗಳು ಆಮೇಲೆ ಹೊರಬರುತ್ತವೆ. ಮನುಷ್ಯರ ವೈರಸ್ಸುಗಳ ಸರದಿ ಅದಕ್ಕೂ ಈಚಿನದು.

ಈಗ ಒಂದೂವರೆ ತಿಂಗಳ ಮಗುವಿನ ಬಾಯಿಗೆ ರೋಟಾ ಲಸಿಕೆ ಹಾಕುವ ಕ್ಷಣವನ್ನು ನೆನೆಸಿಕೊಳ್ಳಿ. ನಮ್ಮಲ್ಲಿ 6, 10 ಮತ್ತು 14ನೇ ವಾರಗಳಲ್ಲಿ ಅದನ್ನು ಕೊಡುತ್ತಾರೆ. ಈ ಲಸಿಕೆಯಲ್ಲಿರುವುದು ಜೀವಂತ ವೈರಸ್. ಅದು ಕರುಳಿನಲ್ಲಿ ಸ್ವಲ್ಪವಾದರೂ ಬೆಳೆದರೆ ಮಾತ್ರ ದೇಹಕ್ಕೆ ಅದರ ಪರಿಚಯವಾಗುತ್ತದೆ. ಶ್ರೀಮಂತ ದೇಶಗಳಲ್ಲಿ ಬಾಯಿಗೆ ಹಾಕುವ ರೋಟಾ ಲಸಿಕೆಗಳು ತೀವ್ರ ಭೇದಿಯನ್ನು ಬಹುಮಟ್ಟಿಗೆ ತಡೆಯುತ್ತವೆ. ನಮ್ಮ ರೋಟಾವ್ಯಾಕ್‌ನ ದೊಡ್ಡ ಪರೀಕ್ಷೆಯಲ್ಲಿ, ಮೊದಲ ವರ್ಷದಲ್ಲಿ ಸಿಕ್ಕ ರಕ್ಷಣೆ ಶೇ 56ರಷ್ಟು. ಬಡ ದೇಶಗಳಲ್ಲಿ ಬೇರೆ ಕಂಪನಿಗಳ ಲಸಿಕೆಗೂ ಇದೇ ಪಾಡು. ಲಸಿಕೆ ಕೆಟ್ಟದ್ದಲ್ಲ, ಅದು ಇಳಿಯುವ ಜಾಗ ಬೇರೆ. ಬೆಳಗ್ಗೆ ಎಂಟಕ್ಕೇ ತುಂಬಿಹೋದ ಸಂತೆಯಲ್ಲಿ ಹತ್ತು ಗಂಟೆಗೆ ಬುಟ್ಟಿ ಹೊತ್ತು ಬಂದವನಿಗೆ ಕೂರಲು ಜಾಗ ಸಿಗದ ಹಾಗೆ, ಬೇರೆ ವೈರಸ್ಸುಗಳು ಮೊದಲೇ ತುಂಬಿಕೊಂಡ ಕರುಳಿನಲ್ಲಿ ಲಸಿಕೆಯ ವೈರಸ್ಸಿಗೂ ನೆಲೆ ಸಿಗುವುದು ಕಷ್ಟ. ಜೊತೆಗೇ ಹಾಕುವ ಪೋಲಿಯೊ ಹನಿಯ ವೈರಸ್ ಕೂಡ ರೋಟಾ ಲಸಿಕೆಯ ಮೊದಲ ಡೋಸನ್ನು ಸ್ವಲ್ಪ ಹಿಂದೆ ತಳ್ಳುತ್ತದೆ ಎಂಬುದು ಮೊದಲೇ ಗೊತ್ತಿತ್ತು. 2022ರಲ್ಲಿ ಘಾನಾದ ಶಿಶುಗಳ ವೈರೋಮನ್ನು ಓದಿದವರು, ಕರುಳಿನಲ್ಲಿ ಎಂಟರೋವೈರಸ್ಸಿನಂಥವು ಮೊದಲೇ ಇದ್ದ ಮಕ್ಕಳಲ್ಲಿ ಲಸಿಕೆಯ ಫಲ ಕಡಿಮೆ ಎಂದು ಕಂಡರು. ತಾಯಿಯಿಂದ ಬಂದ ಪ್ರತಿಕಾಯಗಳು, ಪೌಷ್ಟಿಕತೆ, ನೀರು, ಕರುಳಿನ ಪದೇಪದೇ ಉರಿಯೂತ, ಇವೂ ಕಾರಣಗಳೇ. ಎಲ್ಲ ತಪ್ಪನ್ನೂ ವೈರೋಮಿನ ತಲೆಗೆ ಕಟ್ಟಲಾಗದು. ಆದರೂ ವೈರೋಮ್ ಅಧ್ಯಯನ ಶ್ರೀಮಂತರ ಕುತೂಹಲವಲ್ಲ ಎನ್ನಲು ನನಗೆ ಇದೊಂದೇ ಸಾಕು. ಶೇ 56ನ್ನು 80 ಮಾಡುವ ದಾರಿ ಈ ಗುಂಪಿನ ನಡುವೆ ಎಲ್ಲೋ ಇದೆ.

ರೋಗದ ಕಡೆಗೂ ಒಂದಿಷ್ಟು ನೋಡಬೇಕು. ಎಪ್‌ಸ್ಟೀನ್-ಬಾರ್ ವೈರಸ್ ಜಗತ್ತಿನ ನೂರರಲ್ಲಿ 90ಕ್ಕೂ ಹೆಚ್ಚು ವಯಸ್ಕರ ಮೈಯಲ್ಲಿ ಜೀವನಪರ್ಯಂತ ಇರುತ್ತದೆ. ಬಹುತೇಕರಿಗೆ ಅದರ ಗಂಧವೂ ಇಲ್ಲ. ಅಮೆರಿಕದ ಸೇನೆಯ ಒಂದು ಕೋಟಿಗೂ ಹೆಚ್ಚು ಸಿಬ್ಬಂದಿಯ ರಕ್ತದ ದಾಖಲೆಗಳನ್ನು ಇಪ್ಪತ್ತು ವರ್ಷಗಳಷ್ಟು ಹಿಂದಿನಿಂದ ನೋಡಿದ ಹಾರ್ವರ್ಡ್ ತಂಡ, ಈ ವೈರಸ್ ತಗುಲಿದ ಮೇಲೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಅಪಾಯ 32 ಪಟ್ಟು ಏರುತ್ತದೆ ಎಂದು 2022ರಲ್ಲಿ ತೋರಿಸಿತು. ಬೇರೆ ವೈರಸ್ಸುಗಳಲ್ಲಿ ಹಾಗೆ ಕಾಣಲಿಲ್ಲ. ವೈರಸ್ ಎಲ್ಲರಿಗೂ, ರೋಗ ಕೆಲವರಿಗೆ. ಉಳಿದ ಕಾರಣಗಳು ಅವರವರ ಮೈಯಲ್ಲಿ, ವಂಶದಲ್ಲಿ, ಸೋಂಕು ತಗುಲಿದ ವಯಸ್ಸಿನಲ್ಲಿ ಇವೆ. ಟಾರ್ಕ್ ಟೆನೊ ವೈರಸ್‌ನ ಪರಿ ಇನ್ನೊಂದು. 1997ರಲ್ಲಿ ಜಪಾನಿನಲ್ಲಿ ಒಬ್ಬ ರೋಗಿಯ ರಕ್ತದಲ್ಲಿ ಸಿಕ್ಕ ಅದು ಬಹುಪಾಲು ಎಲ್ಲರಲ್ಲೂ ಇದೆ, ಯಾವ ರೋಗವನ್ನೂ ತಂದ ಸಾಕ್ಷ್ಯವಿಲ್ಲ. ಆದರೆ ಕಿಡ್ನಿ ಕಸಿ ಮಾಡಿಸಿಕೊಂಡವರಲ್ಲಿ ವೈದ್ಯರಿಗೆ ಅದು ಬೇಕು. ಕಸಿಯನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ಔಷಧಿಯಿಂದ ತಗ್ಗಿಸುತ್ತಾರಲ್ಲ, ಅದು ಅತಿಯಾಗಿ ತಗ್ಗಿದರೆ ಈ ವೈರಸ್ ರಕ್ತದಲ್ಲಿ ಏರುತ್ತದೆ, ಸಾಲದಾದರೆ ಇಳಿಯುತ್ತದೆ. ಇದರ ಪ್ರಮಾಣ ನೋಡಿ ಔಷಧಿಯನ್ನು ಹೊಂದಿಸುವ ಪರೀಕ್ಷೆಗಳು ಯುರೋಪಿನಲ್ಲಿ ನಡೆದಿವೆ.

ಕರುಳಿನ ಹುಣ್ಣಿನ ಕಾಯಿಲೆಗಳಾದ ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್ ಇರುವವರಲ್ಲಿ ಬಾಲವಿರುವ ಫೇಜ್‌ಗಳ ಬಗೆಗಳು ಹೆಚ್ಚಾಗಿರುತ್ತವೆ ಎಂದು 2015ರಲ್ಲಿ ವರದಿಯಾಯಿತು. ಕಾಯಿಲೆಯಿಂದ ಫೇಜ್ ಹೆಚ್ಚಾಯಿತೋ, ಫೇಜ್‌ನಿಂದ ಕಾಯಿಲೆಯೋ? ವೈರೋಮಿನ ಬಗ್ಗೆ ಬರುವ ಹತ್ತರಲ್ಲಿ ಎಂಟು ಸುದ್ದಿಗಳು ಈ ಪ್ರಶ್ನೆಯ ಹೊಸ್ತಿಲಲ್ಲೇ ನಿಂತಿವೆ. ಪತ್ರಿಕೆಯಲ್ಲಿ 'ಸಕ್ಕರೆ ಕಾಯಿಲೆಗೂ ವೈರಸ್ಸಿಗೂ ನಂಟು' ಎಂಬ ತಲೆಬರಹ ಕಂಡಾಗ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಮಲದ ಮಾದರಿ ಕಳಿಸಿದರೆ ನಿಮ್ಮ ಕರುಳಿನ ಗುಟ್ಟೆಲ್ಲ ಹೇಳುತ್ತೇವೆ ಎಂದು ಸಾವಿರಾರು ರೂಪಾಯಿ ಕೇಳುವವರಿಗೆ ಸದ್ಯಕ್ಕೆ ಕೊಡಬೇಕಾದ್ದು ನಮಸ್ಕಾರ ಮಾತ್ರ.

ಫೇಜ್‌ಗಳನ್ನು ಔಷಧಿಯಾಗಿಸುವ ಯತ್ನದಲ್ಲಿ ಬೆಂಗಳೂರಿಗೂ ಒಂದು ಅಧ್ಯಾಯವಿದೆ. ಆಸ್ಟ್ರಾ ಕಂಪನಿಯ ಬೆಂಗಳೂರು ಸಂಶೋಧನಾ ಕೇಂದ್ರವನ್ನು ನಡೆಸಿದ್ದ ಜೆ. ರಾಮಚಂದ್ರನ್ 2000ದಲ್ಲಿ ಕಟ್ಟಿದ ಗಂಗಾಜೆನ್ ಅದು. ಹ್ಯಾಂಕಿನ್ ನೋಡಿದ ಗಂಗೆಯ ನೀರಿನ ನೆನಪು ಹೆಸರಿನಲ್ಲೇ ಇದೆ. ಇಡೀ ಫೇಜ್ ಬದಲು, ಅದು ಬ್ಯಾಕ್ಟೀರಿಯಾದ ಗೋಡೆ ಕೊರೆಯಲು ಬಳಸುವ ಪ್ರೋಟೀನಿನ ಭಾಗವನ್ನು ತೆಗೆದು, ಗೋಡೆಗೆ ಅಂಟಿಕೊಳ್ಳುವ ಇನ್ನೊಂದು ಪ್ರೋಟೀನಿನ ತುಂಡಿಗೆ ಜೋಡಿಸಿ ಪಿ128 ಎಂಬುದನ್ನು ಅವರು ಮಾಡಿದರು. ಔಷಧಿಗಳಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಅದರ ಗುರಿ. ಮನುಷ್ಯರ ಮೇಲಿನ ಆರಂಭದ ಪರೀಕ್ಷೆಯವರೆಗೂ ಅದು ಹೋಯಿತು. ಹಳ್ಳಿಯ ಅಂಗಡಿಯಲ್ಲೂ ಆಂಟಿಬಯಾಟಿಕ್ ಗುಳಿಗೆ ಬಿಡಿಬಿಡಿಯಾಗಿ ಸಿಗುವ ನಾಡಿನಲ್ಲಿ ಇಂಥದಕ್ಕೆ ಮುಂದೆ ಕೆಲಸ ಬೇಕಾದಷ್ಟಿದೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2024ರಲ್ಲಿ ಮಾನವ ವೈರೋಮಿನ ದೊಡ್ಡ ಯೋಜನೆಯೊಂದನ್ನು ಶುರು ಮಾಡಿತು. ಅಲ್ಲಿಯವರ ವೈರೋಮ್ ಓದಿ ಇಲ್ಲಿಯವರ ಕರುಳಿನ ವಿಷಯ ತಿಳಿಯಲಾಗದು. ಹಾಂಗ್‌ಕಾಂಗ್ ಮತ್ತು ಚೀನಾದ ಯುನಾನ್ ಪ್ರಾಂತ್ಯದ 930 ಆರೋಗ್ಯವಂತರ ಕರುಳಿನ ವೈರಸ್ಸುಗಳನ್ನು ಹೋಲಿಸಿದ 2020ರ ಅಧ್ಯಯನದಲ್ಲಿ, ವಯಸ್ಸು, ಲಿಂಗಗಳಿಗಿಂತ ಯಾವ ಊರು ಎಂಬುದೇ ಮುಖ್ಯವಾಗಿ ಕಂಡಿತು. ಹಳ್ಳಿಯಿಂದ ಬಂದು ಪಟ್ಟಣದಲ್ಲಿ ಎಷ್ಟು ವರ್ಷ ಇದ್ದಾರೆ ಎಂಬುದಕ್ಕೆ ತಕ್ಕಂತೆ ವೈರೋಮ್ ಬದಲಾಗಿತ್ತು. ಆ ಲೆಕ್ಕದಲ್ಲಿ ಕೋರ ಹೋಬಳಿ ಸದ್ಯಕ್ಕೆ ತುಂಬ ಕುತೂಹಲದ ಜಾಗ. ಇದೇ ಹೋಬಳಿಯ ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶ ಎದ್ದಿದೆ. 2014ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ ಇಂಡಿಯಾ ಫುಡ್ ಪಾರ್ಕ್ ಇರುವುದೂ ಅಲ್ಲೇ. ರಾಗಿ ಹೊಲದ ಪಕ್ಕದಲ್ಲಿ ಕಾರ್ಖಾನೆಯ ಕ್ಯಾಂಟೀನು, ಕೊಟ್ಟಿಗೆಯ ಪಕ್ಕದಲ್ಲಿ ಹೊರ ರಾಜ್ಯದ ಕಾರ್ಮಿಕರ ಬಾಡಿಗೆ ಕೋಣೆ. ಒಂದೇ ತಲೆಮಾರಿನಲ್ಲಿ ಊಟ, ನೀರು, ದನದ ಜೊತೆಗಿನ ಒಡನಾಟ ಎಲ್ಲವೂ ಬದಲಾಗುತ್ತಿರುವ ಕಡೆ ಕರುಳಿನ ವೈರಸ್ಸುಗಳು ಮಾತ್ರ ಹಾಗೇ ಇರುತ್ತವೆಯೇ?

ಅವನ್ನು ಓದಬೇಕೆಂದರೆ ಏನು ಬೇಕು? ಕಲ್ಪನೆಗೆ ಮೀರಿದ್ದೇನಲ್ಲ. ಲಸಿಕೆಯ ಮೂರೂ ದಿನ ಮಗುವಿನ ಮಲದ ಮಾದರಿ, ತಾಯಿಯ ಹಾಲು ಕೆಲವು ಹನಿ, ಮನೆಯಲ್ಲಿ ಕರು ಇದ್ದರೆ ಅದರ ಸಗಣಿ, ಕುಡಿಯುವ ನೀರು, ಸಾರಿನ ಪುಡಿ. ಆರ್‌ಎನ್‌ಎ ಬಲು ಬೇಗ ಹಾಳಾಗುತ್ತದೆ, ಆದ್ದರಿಂದ ತೆಗೆದ ಕೂಡಲೇ ಮಂಜುಗಡ್ಡೆಗೆ ಹಾಕಬೇಕು; ಕೋರದಿಂದ ಬೆಂಗಳೂರಿನ ಪ್ರಯೋಗಾಲಯಕ್ಕೆ ಎರಡು-ಎರಡೂವರೆ ಗಂಟೆಯ ದಾರಿ. ಆಶಾ ಕಾರ್ಯಕರ್ತೆಗೆ ಇದಕ್ಕೆಂದು ಪ್ರತ್ಯೇಕ ಸಂಭಾವನೆ ಸಿಗಬೇಕು, ಇರುವ ಕೆಲಸದ ಮೇಲೆ ಇನ್ನೊಂದು ಹೊರೆಯಾಗಬಾರದು. ಮಾದರಿ ಕೊಟ್ಟ ತಾಯಿಗೆ ಏನು ಸಿಕ್ಕಿತು ಎಂದು ಆಮೇಲೆ ಹೋಗಿ ಹೇಳಬೇಕು, 'ನಿನ್ನ ಮಗೀಗೆ ವೈರಸ್ ಐತೆ' ಎಂದಷ್ಟೇ ಹೇಳಿ ಹೆದರಿಸದೆ. ದುರ್ಗಾ ರಾವ್ ಅವರ ಕಾಲದಲ್ಲಿ 11 ಪಟ್ಟೆಗಳ ಒಂದು ಜೆಲ್‌ನಿಂದ ಇಷ್ಟು ತಿಳಿದಿತ್ತು. ಈಗ ಓದುವ ಯಂತ್ರ ಬೆಂಗಳೂರಿನಲ್ಲೇ ಹತ್ತಾರು ಕಡೆ ಇದೆ. ಏನೂ ಆಗದ ಹಸುಗೂಸಿನ ಮಲವನ್ನು ಕೇಳಿಕೊಂಡು ಹಳ್ಳಿಗೆ ಹೋಗುವವರು ಬೇಕಾಗಿದ್ದಾರೆ.